ಗುಂಡಿಯ ಬಾಯಿಗೆ ಕೂತವನು

ಇಡೀ ಊರಿನ ಚರಂಡಿಯನ್ನು ಒಂದೇ ಉಸಿರಿನಲ್ಲಿ ಶುಚಿ ಮಾಡಿದವನು ನಾನು. ಬಸ್ ನಿಲ್ದಾಣದ ಹತ್ತಿರ ಮೂಗು ಹಿಡಿದು ಇಳಿದೆ, ನದಿಯ ದಂಡೆಯಲ್ಲಿ ಎದ್ದು ಮೂಗು ಬಿಟ್ಟೆ. ನಡುವೆ ಏಳು ಮೈಲಿ. ದಾರಿಯಲ್ಲಿ ಸಿಕ್ಕ ಹೆಗ್ಗಣಗಳೆಲ್ಲ ಪಕ್ಕಕ್ಕೆ ಸರಿದು ನಿಂತು ನಮಸ್ಕಾರ ಹೇಳಿದವು. ಒಂದು ಮುದಿ ಹೆಗ್ಗಣ ಮಾತ್ರ ಹೇಳಲಿಲ್ಲ. ಅದಕ್ಕೆ ಕಣ್ಣು ಕಾಣುತ್ತಿರಲಿಲ್ಲ, ಪಾಪ.

ನಂಬಬೇಡಿ. ನಮ್ಮ ಓಣಿಯಲ್ಲೂ ಯಾರೂ ನಂಬುವುದಿಲ್ಲ. ನನ್ನ ಮಾತಿನ ಒಂದು ರೂಪಾಯಿಯಲ್ಲಿ ನಾಲ್ಕಾಣೆ ಮಾತ್ರ ನಿಜವಂತೆ. ಅದಕ್ಕೇ ನನ್ನ ಹೆಸರು ನಾಲ್ಕಾಣೆ. ಅಮ್ಮ ಇಟ್ಟ ಹೆಸರು ಅಮ್ಮನ ಜೊತೆಗೇ ಹೋಯಿತು.

ಆದರೆ ಸುಳ್ಳು ನನ್ನ ಚಟವಲ್ಲ, ಕಸುಬು. ಪಾಯಿಖಾನೆ ಗುಂಡಿ ಬಳಿಯಲು ಇಬ್ಬರು ಬೇಕು. ಒಬ್ಬ ಇಳಿಯುತ್ತಾನೆ. ಒಬ್ಬ ಗುಂಡಿಯ ಬಾಯಿಗೆ ಕೂರುತ್ತಾನೆ. ಕೆಳಗಿನವನ ಸೊಂಟಕ್ಕೆ ಕಟ್ಟಿದ ಹಗ್ಗ ಮೇಲಿನವನ ಕೈಯಲ್ಲಿರುತ್ತದೆ. ಕೆಳಗೆ ಕತ್ತಲು. ಕೆಟ್ಟ ಗಾಳಿಗೆ ಬಣ್ಣ ಇಲ್ಲ, ಸದ್ದೂ ಇಲ್ಲ. ಅದು ಬಂತೆಂದು ಗೊತ್ತಾಗುವುದು ಕೆಳಗಿನವನು ಸುಮ್ಮನಾದಾಗ. ಆದ್ದರಿಂದ ಮೇಲಿನವನು ಮಾತಾಡುತ್ತಲೇ ಇರಬೇಕು. ಕೆಳಗಿನವನು ಉತ್ತರ ಕೊಡುತ್ತಲೇ ಇರಬೇಕು. ಮಾತಿಗೆ ಉತ್ತರ ಬರಲಿಲ್ಲವೆಂದರೆ ಎಳೆಯಬೇಕು. ಇದು ನಮ್ಮ ತಾತಂದಿರ ಕಾಲದ ಕಾನೂನು. ಎಲ್ಲೂ ಬರೆದಿಟ್ಟಿಲ್ಲ.

ಗಂಟೆಗಟ್ಟಲೆ ನಿಜ ಮಾತಾಡಲು ಯಾರಿಗೆ ಸಾಧ್ಯ? ನಮ್ಮಂಥವರ ಜೀವನದಲ್ಲಿ ನಿಜ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಅದಕ್ಕೇ ನಾನು ಬುರುಡೆ ಬಿಡುವುದನ್ನು ಕಲಿತೆ. ಮೇಲಿನಿಂದ ಒಂದು ಬಿಟ್ಟರೆ ಕೆಳಗಿನಿಂದ ಭಾವ "ಸುಳ್ಳು!" ಎನ್ನುತ್ತಿದ್ದ.

"ಭಾವ, ನಿನ್ನೆ ಮಂತ್ರಿ ನನಗೆ ಫೋನ್ ಮಾಡಿದ್ದ."

"ಸುಳ್ಳು!"

"ನಿಮ್ಮ ಭಾವ ಚೆನ್ನಾಗಿದ್ದಾನಾ ಅಂತ ಕೇಳಿದ."

"ಹಾಗಾದ್ರೆ ಅರ್ಧ ಸುಳ್ಳು. ಬಕೆಟ್ ಎಳಿ."

ಭಾವ ಎಂದರೆ ನನ್ನ ಅಕ್ಕನ ಗಂಡ. ಮಾತು ಕಡಿಮೆ. ಹದಿನಾರು ವರ್ಷ ಅವನು ಕೆಳಗೆ, ನಾನು ಮೇಲೆ. ನನಗೆ ಉಬ್ಬಸ ಇದೆ ಎಂದು ಒಂದು ದಿನವೂ ನನ್ನನ್ನು ಇಳಿಸಲಿಲ್ಲ. ದಿನಕ್ಕೆ ನೂರು ಸಲ "ಸುಳ್ಳು" ಎನ್ನುತ್ತಿದ್ದ. ನನಗೆ ಅದು ಅವನ ನಾಡಿ ಹಿಡಿದ ಹಾಗೆ.

ಅಕ್ಕ ಚರ್ಚಿನ ನೆಲ ಒರೆಸುತ್ತಾಳೆ. ಶನಿವಾರ ಒಂದು ಸಲ, ಸೋಮವಾರ ಒಂದು ಸಲ. ಭಾನುವಾರ ಅಲ್ಲಿ ಎರಡು ಪ್ರಾರ್ಥನೆ. ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡವರದು. ಮಧ್ಯಾಹ್ನ ಮೂರಕ್ಕೆ ನಮ್ಮದು. ದೇವರು ಅದೇ, ಬೆಂಚು ಅದೇ, ಪಾದ್ರಿಗಳೂ ಅವರೇ. ಎಲ್ಲರೂ ಒಟ್ಟಿಗೆ ಕೂತರೆ ಜಾಗ ಸಾಲುವುದಿಲ್ಲವಂತೆ. ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ಆರು ಸಾಲು ಖಾಲಿ. ಮೂರು ಗಂಟೆಯ ಹೊತ್ತಿಗೆ ದೇವರಿಗೂ ಊಟವಾಗಿ ತೂಕಡಿಕೆ ಬಂದಿರುತ್ತದೆ ಎಂದು ನಾನು ಹೇಳಿದರೆ ಅಕ್ಕ ತಲೆಗೆ ಮೊಟಕುತ್ತಿದ್ದಳು.

ಚರ್ಚಿನ ಹಿರಿಯರು ಐದು ಜನ. ಅವರಲ್ಲಿ ಬೀಗದ ಗೊಂಚಲು ಇಟ್ಟುಕೊಂಡು ತಿರುಗುವವನಿಗೆ ನಾವು ಕೀಲಿಕೈ ಎನ್ನುತ್ತೇವೆ. ಒಂದು ಶನಿವಾರ ಸಂಜೆ ಅವನು ನಮ್ಮ ಓಣಿಯ ತುದಿಗೆ ಬಂದು ನಿಂತ. ಒಳಗೆ ಬರಲಿಲ್ಲ.

"ಏಯ್ ನಾಲ್ಕಾಣೆ, ಚರ್ಚಿನ ಹಿಂದಿನ ಗುಂಡಿ ಉಕ್ಕುತ್ತಾ ಇದೆ. ನಾಳೆ ಮುನ್ನೂರು ಜನ ಬರ್ತಾರೆ. ಬೆಳಗಾಗುತ್ತಲೇ ಬಂದು ಮುಗಿಸಿಬಿಡಿ."

"ನಾಳೆ ಭಾನುವಾರ ಸ್ವಾಮಿ," ಎಂದ ಭಾವ. "ಕರ್ತನ ದಿನ. ಕೆಲಸ ಮಾಡಬಾರದು ಅಂತ ಚರ್ಚಿನ ನಿಯಮದ ಹಲಗೆಯಲ್ಲೇ ಬರೆದಿದೆ."

"ಘಂಟೆ ಹೊಡೆಯೋದರೊಳಗೆ ಮುಗಿಸಿದ್ರೆ ಅದು ಕೆಲಸ ಅಲ್ಲ. ಸೇವೆ."

"ಘಂಟೆ ಹೊಡೆದ ಮೇಲೆ?"

"ಅದಕ್ಕೇ ಹೇಳಿದ್ದು, ಅದರೊಳಗೆ ಮುಗಿಸಿ ಅಂತ."

ಮುಗಿಯಲಿಲ್ಲ. ನಾನೇ ಇಳಿದಿದ್ದರೆ ಕಾಲು ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದೆ, ಅದು ಬೇರೆ ಮಾತು. ಆ ಗುಂಡಿ ನಾಲ್ಕು ವರ್ಷದಿಂದ ತೆಗೆಯದ್ದು. ಮೇಲಿನದು ನೀರು, ಬಕೆಟ್ಟಿಗೆ ಬಂತು. ತಳದ್ದು ಗಟ್ಟಿ. ಸಲಿಕೆಯಿಂದ ಕಡಿದು ಕಡಿದು ತುಂಬಬೇಕು. ಭಾವ ಎದೆಯವರೆಗೆ ಅದರಲ್ಲಿ ನಿಂತಿದ್ದ. ಅವನ ತೋಳು, ಕುತ್ತಿಗೆ, ಕಿವಿಯ ಹಿಂದೆ ಅದು. ಬಾಯಿ ಮುಚ್ಚಿಕೊಂಡರೆ ಉತ್ತರ ಕೊಡುವಂತಿಲ್ಲ, ತೆರೆದರೆ ಒಳಗೆ ಹೋಗುತ್ತದೆ. ಅವನು ತೆರೆಯುತ್ತಿದ್ದ. ಬಕೆಟ್ ಎಳೆದು ಎಳೆದು ನನ್ನ ಅಂಗೈ ಕಿತ್ತುಹೋಗಿತ್ತು. ಎಂಬತ್ತನೇ ಬಕೆಟ್ಟಿಗೆ ಘಂಟೆ ಹೊಡೆಯಿತು.

ಕೀಲಿಕೈ ಓಡಿ ಬಂದ. ಮೂಗಿಗೆ ಕರವಸ್ತ್ರ.

"ಏನೋ ಅದು ನಿಂದು ಗಲಾಟೆ? ಒಳಗೆ ಪ್ರಾರ್ಥನೆ ಶುರುವಾಯ್ತು. ಕಿಟಕಿ ಇಲ್ಲೇ ಇದೆ. ಬಾಯಿ ಮುಚ್ಚು."

ಆಗ ನಾನು ಎದ್ದು ನಿಂತೆ ನೋಡಿ. ಅವನ ಎದೆಗೆ ಬೆರಳಿಟ್ಟೆ. "ಈ ಬಾಯಿ ಮುಚ್ಚಿದರೆ ಕೆಳಗೆ ಒಂದು ಬಾಯಿ ಮುಚ್ಚುತ್ತೆ. ನಿಮ್ಮ ದೇವರಿಗೆ ಇಷ್ಟು ಸದ್ದು ತಡೆಯಕ್ಕಾಗಲ್ಲ ಅಂದ್ರೆ ಕಿವಿಗೆ ಹತ್ತಿ ಇಟ್ಕೊಳಕ್ಕೆ ಹೇಳಿ," ಎಂದೆ. ಕೀಲಿಕೈ ನಡುಗಿಬಿಟ್ಟ. ಗೊಂಚಲಿನ ಬೀಗದ ಕೈಗಳು ಗಲಗಲ ಅಂದವು.

ಆಮೇಲೆ ಹಗ್ಗ ಭಾರವಾಯಿತು.

ಎಳೆದೆ. ಬರಲಿಲ್ಲ. ತಳದ ಕೆಸರು ಮನುಷ್ಯನನ್ನು ಹಿಡಿದರೆ ಬಿಡುವುದಿಲ್ಲ. ಮೂರು ಜನ ಎಳೆಯಬೇಕು. ನಲವತ್ತು ಹೆಜ್ಜೆ ಆಚೆ ಮುನ್ನೂರು ಜನ ನಿಂತು ಹಾಡುತ್ತಿದ್ದರು. ಹಗ್ಗವನ್ನು ಮರಕ್ಕೆ ಸುತ್ತಿ ಓಡಿದೆ. ಚರ್ಚಿನ ದೊಡ್ಡ ಬಾಗಿಲಿಗೆ ಒದ್ದೆ. ಬಾಗಿಲು ಕಿತ್ತು ಹೋಗಿ ಹತ್ತು ಸಾಲು ಬೆಂಚು ದಾಟಿ ಬಿತ್ತು.

ಬಾಗಿಲಿನ ಮಾತು ಬಿಡಿ. ಬಾಗಿಲು ತೆರೆದೇ ಇತ್ತು. ಒಳಗೆ ಹೋದೆ, ಮೂರು ಸಲ ಕೂಗಿದೆ, ಹಾಡಿನ ಗದ್ದಲದಲ್ಲಿ ಯಾರೂ ತಿರುಗಲಿಲ್ಲ. ಇಷ್ಟು ನಿಜ ಎಂದಿಟ್ಟುಕೊಳ್ಳಿ.

ಹಾಡು ಮುಗಿದ ಮೇಲೆ ಪಕ್ಕದ ಬಾಗಿಲಿನಿಂದ ಜನ ಬಂದರು. ಬಂದು ಗೋಡೆಗೆ ಒರಗಿ ನಿಂತರು. ಹಗ್ಗಕ್ಕೆ ಕೈ ಹಾಕಿದವರು ಇಬ್ಬರು. ಒಬ್ಬ ಹಾರ್ಮೋನಿಯಂ ಬಾರಿಸುವವನು. ಇನ್ನೊಬ್ಬರು ಪಾದ್ರಿ, ಅರವತ್ತು ದಾಟಿದವರು, ಮೈಮೇಲೆ ಬಿಳಿ ನಿಲುವಂಗಿ. ಭಾವ ಮೇಲೆ ಬಂದ. ಪಾದ್ರಿ ಅವನ ಬಾಯಿಯೊಳಗೆ ಬೆರಳು ಹಾಕಿ ತೆಗೆದರು. ತೆಗೆಯುತ್ತಲೇ ಇದ್ದರು. ಯಾರೋ "ಸಾಕು ಅಯ್ಯನವರೇ" ಎಂದರು.

ನಾನು ಬಕೆಟ್ಟು ಎಣಿಸುತ್ತಿದ್ದೆ. ಎಂಬತ್ತನಾಲ್ಕಾಗಿತ್ತು. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಅಕ್ಕನಿಗೆ ಅವತ್ತು ಜ್ವರ, ಮನೆಯಲ್ಲಿದ್ದಳು. ಹೇಳಲು ಹೋದವನು ನಾನೇ. ಅವಳು ನನ್ನ ಮುಖ ನೋಡಿ ಕಾದಳು. ಸುಳ್ಳು ಎಂದು ನಾನು ಹೇಳಲಿ ಎಂದು ಕಾದಳು.

ಅವತ್ತು ಮೂರು ಗಂಟೆಯ ಪ್ರಾರ್ಥನೆ ನಡೆಯಲಿಲ್ಲ. ಸಂಜೆಯ ಹೊತ್ತಿಗೆ ಹಿರಿಯರ ಮಾತು ಬಂತು. ಭಾವನನ್ನು ಚರ್ಚಿನ ಸಮಾಧಿ ಜಾಗದಲ್ಲಿ ಹೂಳುವಂತಿಲ್ಲ. ಕರ್ತನ ದಿನವನ್ನು ಮುರಿದವನು ಸಭೆಯಿಂದ ಹೊರಗೆ. ತಪ್ಪೊಪ್ಪಿಕೊಂಡರೆ ಮತ್ತೆ ಒಳಗೆ. ಇವನು ಒಪ್ಪಿಕೊಳ್ಳದೆ ಸತ್ತ. ಗೋಡೆಯ ಆಚೆ, ಕಸ ಸುಡುವ ಕಡೆ, ಒಂದು ಜಾಗ ಕೊಡುತ್ತಾರೆ.

ಭಾವ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿದ್ದ. ಮಂಗಳವಾರದೊಳಗೆ ಒಯ್ಯಬೇಕೆಂದು ಹೇಳಿದ್ದರು. ನಾನು ಓಣಿಯಲ್ಲಿ ಕೂತು ಬಂದವರಿಗೆಲ್ಲ ಕಥೆ ಹೇಳಿದೆ. ಬಾಗಿಲು ಒದ್ದದ್ದು, ಪಾದ್ರಿಯ ಮುಂದೆ ನಿಂತು "ಎದ್ದೇಳ್ರೋ" ಎಂದು ಗುಡುಗಿದ್ದು, ಗೋಡೆಯ ಸುಣ್ಣ ಉದುರಿದ್ದು. ಹೇಳಿದ ಹಾಗೆಲ್ಲ ಕೂಗು ದೊಡ್ಡದಾಯಿತು. ಅಕ್ಕ ಒಳಗಿನಿಂದ ಕೇಳಿಸಿಕೊಂಡಳು.

ಸೋಮವಾರ ಹತ್ತು ಗಂಟೆಗೆ ಅವಳು ತಲೆ ಬಾಚಿಕೊಂಡು "ಬಾ" ಎಂದಳು. ಹಿರಿಯರು ಸೇರುವುದು ಚರ್ಚಿನ ಪಕ್ಕದ ಕೋಣೆಯಲ್ಲಿ. ಉದ್ದ ಮೇಜು, ಐದು ಕುರ್ಚಿ, ತುದಿಯಲ್ಲಿ ಪಾದ್ರಿ. ಗೋಡೆಯಲ್ಲಿ ನಿಯಮದ ಹಲಗೆ. ನಮಗೆ ಕೂರಿ ಎನ್ನಲಿಲ್ಲ. ನಿಲ್ಲಿ ಎಂದೂ ಅನ್ನಲಿಲ್ಲ.

ಕೀಲಿಕೈ ಹಲಗೆಗೆ ಬೆರಳು ತೋರಿಸಿ ಓದಿದ. ಓದಿ ಮುಗಿಸಿ, "ನೋಡಮ್ಮ, ನಮಗೂ ದುಃಖ ಇದೆ. ಆದ್ರೆ ಕಾನೂನು ಕಾನೂನೇ. ಇವತ್ತು ನಿನಗೆ ಬಿಟ್ಟರೆ ನಾಳೆ ಇನ್ನೊಬ್ಬರು ಬರ್ತಾರೆ," ಎಂದ.

"ಬರ್ತಾರೆ," ಎಂದಳು ಅಕ್ಕ. "ಗುಂಡಿ ಇರೋವರೆಗೆ ಬರ್ತಾನೇ ಇರ್ತಾರೆ. ಕರೆದಿದ್ದು ಯಾರು?"

"ಘಂಟೆಗೆ ಮುಂಚೆ ಮುಗಿಸಿ ಅಂದಿದ್ದೆ."

"ಘಂಟೆ ಆದ ಮೇಲೆ ನಿಲ್ಲಿಸಿ ಅಂದಿರಾ?"

ಕೀಲಿಕೈ ಗೊಂಚಲನ್ನು ಮೇಜಿನ ಮೇಲಿಟ್ಟ. ನಿಲ್ಲಿಸಿ ಎಂದಿದ್ದರೆ ಮುನ್ನೂರು ಜನ ಪ್ರಾರ್ಥನೆ ಮುಗಿಸಿ ಎಲ್ಲಿಗೆ ಹೋಗಬೇಕಿತ್ತು?

ಅಕ್ಕ ಪಾದ್ರಿಗಳ ಕಡೆ ತಿರುಗಿದಳು. ಅವಳ ದನಿ ನೆಲ ಒರೆಸುವಾಗಿನ ದನಿ. ಏರಿಲ್ಲ, ಇಳಿದಿಲ್ಲ.

"ಅಯ್ಯನವರೇ, ಹೋದ ತಿಂಗಳು ಮೂರು ಗಂಟೆ ಪ್ರಾರ್ಥನೆಯಲ್ಲಿ ನೀವೇ ಹೇಳಿದ್ರಿ. ವಿಶ್ರಾಂತಿಯ ದಿನ ಯಾರದ್ದಾದರೂ ಎತ್ತು ಗುಂಡಿಗೆ ಬಿದ್ರೆ ಮೇಲೆ ತೆಗೀದೆ ಇರ್ತಾರಾ ಅಂತ ಯೇಸು ಕೇಳಿದನಂತೆ. ಎತ್ತಿಗೆ ಇರೋ ಕಾನೂನು ನನ್ನ ಗಂಡನಿಗೂ ಇದೆಯಾ? ಇಲ್ಲ ಅಂದ್ರೆ ಇಲ್ಲ ಅನ್ನಿ. ಸಂಕಟ ಇಲ್ಲ. ತಿಳ್ಕೊಂಡು ಹೋಗ್ತೀನಿ."

ಒಬ್ಬ ಹಿರಿಯ ಕೆಮ್ಮಿದ. "ಗೋಡೆ ಆಚೆಯದ್ದೂ ದೇವರ ಮಣ್ಣೇ ಕಣಮ್ಮ."

"ಹಾಗಾದ್ರೆ ನಿಮ್ಮ ತಾಯೀನ ಅಲ್ಲೇ ಹೂಳಬಹುದಿತ್ತಲ್ಲ ಸ್ವಾಮಿ."

ಆ ಹಿರಿಯ ಮೇಜಿನ ಮೇಲಿದ್ದ ಕೈ ಎಳೆದುಕೊಂಡ.

"ನಾನು ಅಲ್ಲಿ ಹೂಳೋದಿಲ್ಲ," ಎಂದಳು ಅಕ್ಕ. "ನಿಮಗೆ ಬೇಕಿದ್ರೆ ನೀವೇ ಹೊತ್ಕೊಂಡು ಹೋಗಿ ಹೂಳಿ. ನಿಮ್ಮ ಕೈಯಲ್ಲಿ ಅವನನ್ನು ಮುಟ್ಟಿ. ನಾನು ನೋಡ್ತೀನಿ. ಇನ್ನೊಂದು ಮಾತು. ಗುಂಡಿ ಅರ್ಧ ಹಾಗೇ ಇದೆ. ನಮ್ಮ ಓಣಿಯಿಂದ ಇನ್ನು ಒಬ್ಬರೂ ಇಳಿಯೋದಿಲ್ಲ. ಆ ಹಲಗೆ ಇದೆಯಲ್ಲ, ಅದನ್ನು ಇಳಿಸಿ ಬಳಿಸ್ಕೊಳಿ."

ಕೀಲಿಕೈ ಕುರ್ಚಿ ಹಿಂದೆ ತಳ್ಳಿದ. ಪಾದ್ರಿ ಕೈಯೆತ್ತಿ ಅವನನ್ನು ಕೂರಿಸಿದರು. ಅವರ ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿತ್ತು. ಎಷ್ಟು ತೊಳೆದರೂ ಎರಡು ದಿನ ಹೋಗುವುದಿಲ್ಲ. ನಮಗೆ ಗೊತ್ತು.

"ನನಗೆ ಒಂದು ವಿಷಯ ತಿಳೀಬೇಕು," ಎಂದರು. "ನಾನು ಹೊರಗೆ ಬಂದಿದ್ದು ಹಾಡು ಮುಗಿದ ಮೇಲೆ. ಅದಕ್ಕೆ ಮುಂಚೆ ಯಾರಾದರೂ ನಮ್ಮನ್ನು ಕರೆದರಾ? ಕರೆದೂ ನಾವು ಏಳಲಿಲ್ಲ ಅಂದರೆ ಕರ್ತನ ದಿನ ಮುರಿದವರು ನಾವು. ಆಜ್ಞೆಗಳೆಲ್ಲ ತೂಗುಬಿದ್ದಿರೋದು ಪ್ರೀತಿ ಅನ್ನೋ ಒಂದು ಮೊಳೆಗೆ. ಮೊಳೆ ಕಿತ್ತು ಹಲಗೆ ಹಿಡ್ಕೊಂಡು ಕೂತರೆ ಏನು ಬಂತು?" ನನ್ನ ಕಡೆ ನೋಡಿದರು. "ನೀನು ಒಳಗೆ ಬಂದು ಕೂಗಿದೆಯಾ?"

ಐವರು ಹಿರಿಯರೂ ನನ್ನನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ನಾನು ಒಂದು ಬುರುಡೆಯನ್ನು ಚಿಕ್ಕದು ಮಾಡಿದೆ. ಬಾಗಿಲು ಬಿಟ್ಟೆ. ಸುಣ್ಣ ಬಿಟ್ಟೆ. ಗುಡುಗು ಬಿಟ್ಟೆ.

"ಬಂದೆ ಅಯ್ಯನವರೇ. ಹಿಂದಿನ ಖಾಲಿ ಸಾಲಿನವರೆಗೆ ಬಂದೆ. ಮೂರು ಸಲ ಕೂಗಿದೆ. ನೀವೆಲ್ಲ ಆ ಕಡೆ ತಿರುಗಿ ಹಾಡ್ತಾ ಇದ್ರಿ. ಬಾಗಿಲಲ್ಲಿ ಇವರು ನಿಂತಿದ್ರು. ಕೇಳಿ."

ಕೀಲಿಕೈ ಮುಖ ಎತ್ತಿದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ನನಗೆ ಏನು ಗೊತ್ತೋ ಅದು ಅವನಿಗೂ ಗೊತ್ತಿತ್ತು. ಇವನು ಸುಳ್ಳ ಎಂದು ಅವನು ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ನಿಜ ಏನು ಎಂದು ಪಾದ್ರಿ ಕೇಳುತ್ತಿದ್ದರು.

"ಹಾಡಿನ ಸದ್ದಿನಲ್ಲಿ," ಎಂದ, "ಸರಿಯಾಗಿ ಕೇಳಿಸಲಿಲ್ಲ."

ಪಾದ್ರಿ ಕಣ್ಣು ಮುಚ್ಚಿಕೊಂಡರು. ತೆರೆದು, "ಒಳಗೆ ಹೂಳಿ," ಎಂದರು.

ಮಂಗಳವಾರ ಬೆಳಿಗ್ಗೆ ಹೂಳಿದೆವು. ಗೋಡೆಯ ಒಳಗೆ, ದೊಡ್ಡವರ ಕಲ್ಲುಗಳ ನಡುವೆ. ಪಾದ್ರಿ ತಾವೇ ಒಂದು ಗುದ್ದಲಿ ತಂದು ನನ್ನ ಜೊತೆ ಅಗೆದರು. ಅವರಿಗೆ ಅಗೆಯಲು ಬರುವುದಿಲ್ಲ. ಎರಡು ಸಲ ನನ್ನ ಕಾಲಿಗೆ ಮಣ್ಣು ಹಾಕಿದರು. ಅಕ್ಕ ಅಳಲಿಲ್ಲ. ಓಣಿಯವರು ನನ್ನ ಬೆನ್ನು ತಟ್ಟಿದರು. "ನಾಲ್ಕಾಣೆ, ನೀನು ಹದಿನಾರಾಣೆಯ ಗಂಡು ಕಣೋ," ಎಂದರು. ನಾನು ನಕ್ಕೆ. ನಕ್ಕದ್ದು ಮುಖಕ್ಕೆ ಮಾತ್ರ ಗೊತ್ತಾಯಿತು. ಹಲಗೆ ಅಲ್ಲೇ ಇದೆ. ಬೆಳಗಿನ ಪ್ರಾರ್ಥನೆ ಬೆಳಿಗ್ಗೆಯೇ ಇದೆ. ಗುಂಡಿ ಬಳಿಯಲು ಬೇರೆ ಊರಿನಿಂದ ಇಬ್ಬರು ಬಂದರಂತೆ.

ಆ ವಾರ ಕಳೆದು ಒಂದು ಮಧ್ಯಾಹ್ನ ಅಕ್ಕ ಹಿತ್ತಿಲ ಕಲ್ಲಿನ ಮೇಲೆ ಭಾವನ ಅಂಗಿ ಒಗೆಯುತ್ತಿದ್ದಳು. ಇನ್ನು ಅದನ್ನು ಯಾರೂ ತೊಡುವುದಿಲ್ಲ. ನಾನು ಪಕ್ಕದಲ್ಲಿ ಕೂತು ಪಾದ್ರಿ ಗುದ್ದಲಿ ಹಿಡಿದ ಕಥೆ ಹೇಳುತ್ತಿದ್ದೆ. ಪಾದ್ರಿ ಅಗೆದ ರಭಸಕ್ಕೆ ಪಕ್ಕದ ಸಮಾಧಿಯವನು ಎದ್ದು ಬೈದ ಎಂದೆ.

"ಸೋಮವಾರ ಬೆಳಿಗ್ಗೆ," ಎಂದಳು ಅಕ್ಕ, ಅಂಗಿಯಿಂದ ಕಣ್ಣು ತೆಗೆಯದೆ, "ಹಿರಿಯರ ಹತ್ರ ಹೋಗೋಕೆ ಮುಂಚೆ ನಾನು ಚರ್ಚು ಒರೆಸಿ ಬಂದಿದ್ದೆ."

"ಭಾವ ಹೋದ ಮಾರನೇ ದಿನಾನಾ? ತಲೆ ಕೆಟ್ಟಿತ್ತಾ ನಿಂಗೆ?"

"ಸೋಮವಾರ ಅಲ್ವಾ. ಕೈಗೆ ಏನಾದ್ರೂ ಬೇಕಿತ್ತು." ಅಂಗಿ ಹಿಂಡಿದಳು. "ಒಳಗೆ ಎಲ್ಲೂ ಕೊಚ್ಚೆ ಇರಲಿಲ್ಲ ಕಣೋ. ಒಂದು ಹನಿ ಇರಲಿಲ್ಲ. ಹೊಸ್ತಿಲಿನ ಹೊರಗೆ, ಮೇಲಿನ ಮೆಟ್ಟಿಲಲ್ಲಿ ಎರಡು ಪಾದ ಇತ್ತು. ಜೋಡಿಸಿ ಇಟ್ಟ ಹಾಗೆ. ಬೆರಳೆಲ್ಲ ಒಳಗಡೆಗೆ. ಸುತ್ತ ತೊಟ್ಟಿಕ್ಕಿ ತೊಟ್ಟಿಕ್ಕಿ ಒಣಗಿತ್ತು. ಎಡಗಾಲಿಗೆ ಕಿರುಬೆರಳು ಇರಲಿಲ್ಲ."

ನನ್ನ ಎಡಗಾಲಿಗೆ ಕಿರುಬೆರಳಿಲ್ಲ. ಹುಲಿ ತಿಂದಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಒಡೆದ ಪಿಂಗಾಣಿ ಕೊಯ್ದದ್ದು.

"ಸೋಪು ಹಾಕಿ ಉಜ್ಜಿದೆ," ಎಂದಳು. "ಪೂರ್ತಿ ಹೋಗೋವರೆಗೆ ಉಜ್ಜಿದೆ. ಯಾರೂ ನೋಡೋಕೆ ಮುಂಚೆ. ಆಮೇಲೆ ನಿನ್ನನ್ನ ಕರ್ಕೊಂಡು ಹೋದೆ. ನೀನು ಹೇಳ್ತೀಯ ಅಂತ ಗೊತ್ತಿತ್ತು. ಅವನಿಗೆ ಮಣ್ಣು ಬೇಕಿತ್ತು, ಸುಳ್ಳಾದ್ರೂ ಸರಿ. ಈಗ ಸಿಕ್ಕಿದೆ. ಈಗ ನನಗೆ ಹೇಳು."

ನಾನು ಬಾಯಿ ತೆರೆದೆ. "ಅಕ್ಕಾ, ಏನಾಯ್ತು ಅಂದ್ರೆ, ನಾನು ಓಡಿದ ಜೋರಿಗೆ ಕಾಲಿನ ಕೊಚ್ಚೆಯೆಲ್ಲ..."

ಅವಳು ನೋಡಿದಳು. ಬೈಯಲಿಲ್ಲ. ನೋಡಿದಳು, ಅಷ್ಟೆ.

"ಐದು ಚರಣ," ಎಂದೆ.

"ಏನು?"

"ಆ ಹಾಡಿಗೆ ಐದು ಚರಣ. ಅಷ್ಟು ಹೊತ್ತು ನಿಂತಿದ್ದೆ."

ಅವಳು ಕಲ್ಲಿನ ಮೇಲೆ ಕೂತಳು.

"ಮೊದಲಿನಿಂದ ಹೇಳು."

"ಕೀಲಿಕೈ ಬಂದು ಬಾಯಿ ಮುಚ್ಚು ಅಂದ. ಮುಚ್ಚಿದೆ. ಎದೆಗೆ ಬೆರಳಿಟ್ಟೆ ಅಂತ ಹೇಳಿದ್ದು ಸುಳ್ಳು. ಆಯ್ತು ಸ್ವಾಮಿ ಅಂದೆ. ಹಗ್ಗ ಹಿಡ್ಕೊಂಡು ಸುಮ್ಮನೆ ಕೂತೆ. ಭಾವ ಕೆಳಗಿನಿಂದ ಕೇಳಿದ, ಯಾಕೋ ಸುಮ್ಮನಾದೆ ಅಂತ. ಎರಡು ಸಲ ಕೇಳಿದ. ಕಿಟಕಿ ಅಲ್ಲೇ ಇತ್ತು ಅಕ್ಕ. ನಾನು ಉತ್ತರ ಕೊಡಲಿಲ್ಲ. ಅವನೂ ಸುಮ್ಮನಾದ. ಪ್ರಾರ್ಥನೆ ಅಂತ ಸುಮ್ಮನಾಗಿದ್ದಾನೆ ಅಂದ್ಕೊಂಡೆ. ಯಾವಾಗ ಹೋದನೋ ನನಗೆ ಗೊತ್ತಿಲ್ಲ. ಹಗ್ಗ ಭಾರ ಆದಾಗ ಗೊತ್ತಾಯ್ತು."

ಅಕ್ಕನ ಕೈಯಿಂದ ನೀರು ಇಳಿಯುತ್ತಿತ್ತು.

"ಓಡಿದೆ. ಅದು ನಿಜ. ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಕೀಲಿಕೈ ಇದ್ದ. ಹೀಗೆ ಅಂಗೈ ತೋರಿಸಿದ, ಇರು ಅಂತ. ಗುಂಡಿಯಲ್ಲಿ ಏನಾಗಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ನಾನೂ ಹೇಳಲಿಲ್ಲ. ಕೈ ಕಟ್ಕೊಂಡು ನಿಂತೆ. ನನ್ನ ಮೈಯಿಂದ ಸುರೀತಾ ಇತ್ತು. ಒಳಗೆ ನೆಲ ಹೊಳೀತಾ ಇತ್ತು, ನೀನು ಒರೆಸಿದ್ದು. ಬೆಳಗಿನ ಪ್ರಾರ್ಥನೆ, ನಮ್ಮದಲ್ಲ ಅಂತ ಕಾಲು ತಾನೇ ನಿಂತುಬಿಡ್ತು. ಇನ್ನೊಂದು ಚರಣಕ್ಕೆ ಮುಗಿಯುತ್ತೆ, ಇನ್ನೊಂದು ಚರಣಕ್ಕೆ ಮುಗಿಯುತ್ತೆ ಅಂತ ನಿಂತೆ. ಮುಗಿದ ಮೇಲೆ, ಅಯ್ಯಾ, ಸ್ವಲ್ಪ ಬರ್ತೀರಾ ಅಂದೆ. ಮೆಲ್ಲಗೆ ಅಂದೆ."

"ಅವನು ನಿನ್ನ ಮುಟ್ಟಿದನಾ?"

"ಇಲ್ಲ."

"ತಳ್ಳಿದನಾ?"

"ಇಲ್ಲ ಅಕ್ಕ. ಯಾರೂ ನನ್ನನ್ನ ಹಿಡ್ಕೊಂಡಿರಲಿಲ್ಲ."